ಒಂದೇ ಆಟ, ಮೂರು ಅಂಗಡಿ: ಲಿನಕ್ಸ್‌ನಲ್ಲಿ ಇಂಡೀ ಗೇಮ್ ಕೊಂಡು ಆಡಿ ನೋಡಿದ್ದು

ನನ್ನ ಲ್ಯಾಪ್‌ಟಾಪಿನಲ್ಲಿ ಸೆಲೆಸ್ಟ್ ಎಂಬ ಆಟ ಎರಡು ಕಡೆ ಕೂತಿದೆ. ಒಂದು ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ಕೊಂಡದ್ದು, ಇನ್ನೊಂದು ಇಚ್ ಐಓ ತಾಣದಲ್ಲಿ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದ್ದೂ ಅದೇ ಕಥೆ, ಸ್ಟೀಮ್‌ನದೊಂದು, ಗಾಗ್ ಎಂಬ ಮೂರನೆಯ ಅಂಗಡಿಯದೊಂದು. ಒಂದೇ ಆಟಕ್ಕೆ ಎರಡು ಸಲ ದುಡ್ಡು ಕೊಡುವುದು ಜಾಣತನವಲ್ಲ ಅಂತ ಗೊತ್ತು. ಆದರೆ ವಿಂಡೋಸ್ ಅಳಿಸಿ ಅದರ ಬದಲು ಲಿನಕ್ಸ್ ಹಾಕಿಕೊಂಡ ದಿನದಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿತ್ತು: ಎಲ್ಲಿ ಕೊಂಡರೆ ಆಟ ತಕರಾರಿಲ್ಲದೆ ಓಡುತ್ತದೆ, ಎಲ್ಲಿ ಕೊಂಡರೆ ಅದನ್ನು ಮಾಡಿದವರ ಕೈಗೆ ಹೆಚ್ಚು ಸೇರುತ್ತದೆ? ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ ಅಂದುಕೊಂಡು ಶುರು ಮಾಡಿದೆ. ಸಿಗಲಿಲ್ಲ.

ಯಂತ್ರ ಸಾಧಾರಣದ್ದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗೆ ಬಂದಿರುವುದೇ ಗತಿ. ಇಂಡೀ ಆಟಗಳಿಗೆ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡಿದವಕ್ಕೆ, ಅಷ್ಟು ಸಾಕು.

ಮೊದಲು ಸ್ಟೀಮ್. 2013ರ ಫೆಬ್ರವರಿಯಲ್ಲೇ ಲಿನಕ್ಸ್‌ಗೆ ಬಂದಿತ್ತಾದರೂ ಆಗ ಆಡಲು ಸಿಗುತ್ತಿದ್ದದ್ದು ಲಿನಕ್ಸ್‌ಗೆಂದೇ ಕಟ್ಟಿದ ಆಟಗಳು ಮಾತ್ರ. ಲೆಕ್ಕಾಚಾರ ಬುಡಮೇಲಾದದ್ದು 2018ರ ಆಗಸ್ಟ್‌ನಲ್ಲಿ, ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಿಟ್ಟಾಗ. ಅದರ ಒಳಗಿರುವುದು ವೈನ್, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪದರ. ಅದರ ಜೊತೆಗೆ ಡಿಎಕ್ಸ್‌ವಿಕೆ ಸೇರಿಕೊಂಡು, ವಿಂಡೋಸಿನ ಡೈರೆಕ್ಟ್‌3ಡಿ ಗ್ರಾಫಿಕ್ಸ್ ಕರೆಗಳನ್ನು ಲಿನಕ್ಸ್‌ಗೆ ಅರ್ಥವಾಗುವ ವಲ್ಕನ್ ಭಾಷೆಗೆ ತಿರುಗಿಸುತ್ತದೆ. ಆಟಗಾರನಿಗೆ ಇದ್ಯಾವುದೂ ಕಾಣುವುದಿಲ್ಲ. ರಿಟರ್ನ್ ಆಫ್ ದಿ ಓಬ್ರಾ ಡಿನ್ ಎಂಬ ಹಡಗಿನ ಆಟಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ನಾನು ಇನ್‌ಸ್ಟಾಲ್ ಒತ್ತಿದೆ, ಪ್ಲೇ ಒತ್ತಿದೆ, ಹಡಗು ಹತ್ತಿದೆ. ಒಂದು ಸೆಟ್ಟಿಂಗ್ ಸಹ ಮುಟ್ಟಲಿಲ್ಲ. ಹತ್ತು ವರ್ಷ ಹಿಂದಿನ ನನಗೆ ಇದನ್ನು ಹೇಳಿದ್ದರೆ ನಗುತ್ತಿದ್ದೆ.

ಇಲ್ಲಿ ಒಂದು ಮುಜುಗರದ ಮಾತು ಒಪ್ಪಿಕೊಳ್ಳಬೇಕು. ಲಿನಕ್ಸ್‌ಗೆಂದೇ ಮಾಡಿದ ಆವೃತ್ತಿ ಯಾವಾಗಲೂ ಮೇಲು ಎಂದು ನಂಬಿ ಬಂದವನು ನಾನು. ಒಂದು ಹಳೆಯ ಪ್ಲಾಟ್‌ಫಾರ್ಮರ್ (ಹಾರಿ ಜಿಗಿದು ಸಾಗುವ ಆಟ), ಹೆಸರು ಬೇಡ, ಲಿನಕ್ಸ್ ಆವೃತ್ತಿಯಲ್ಲಿ ಸದ್ದೇ ಹೊರಡಿಸಲಿಲ್ಲ, ಕಂಟ್ರೋಲರಿನ ಗುಂಡಿಗಳೂ ಅದಲುಬದಲು. ಎಂದೋ ಒಮ್ಮೆ ಪೋರ್ಟ್ ಮಾಡಿ ಕೈಬಿಟ್ಟದ್ದು. ಆಟದ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಆರಿಸಿ ವಿಂಡೋಸ್ ಆವೃತ್ತಿಯನ್ನೇ ಇಳಿಸಿಕೊಂಡೆ. ಎರಡೂ ತೊಂದರೆ ಮಾಯ. ಗೆದ್ದ ಖುಷಿಗಿಂತ ಸೋತ ಬೇಸರವೇ ಹೆಚ್ಚಾಯಿತು.

ಹಾಗಂತ ಪ್ರತಿ ಸಲವೂ ಪ್ರೋಟಾನೇ ಗೆಲ್ಲುವುದಿಲ್ಲ. ಕಾರ್ಖಾನೆ ಕಟ್ಟುವ ಆಟ ಫ್ಯಾಕ್ಟೋರಿಯೋ ನೋಡಿ. ಆಟ ಸೇವ್ ಆಗುವಾಗ ಪರದೆ ನಿಲ್ಲದಂತೆ, ಪ್ರೋಗ್ರಾಮಿನ ನಕಲೊಂದನ್ನು ಫೋರ್ಕ್ ಮಾಡಿ ಹಿನ್ನೆಲೆಯಲ್ಲಿ ಬರೆಸುವ ಸೌಲಭ್ಯ ಅದರಲ್ಲಿದೆ. ಅದು ಸಿಗುವುದು ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳಲ್ಲಿ, ವಿಂಡೋಸಿನಲ್ಲಿ ಇಲ್ಲ. ಕಾರ್ಖಾನೆ ದೊಡ್ಡದಾದಷ್ಟೂ ಅದರ ಬೆಲೆ ತಿಳಿಯುತ್ತದೆ. ತಯಾರಕರು ಮನಸ್ಸಿಟ್ಟು ಮಾಡಿದ ಲಿನಕ್ಸ್ ಆವೃತ್ತಿಗೆ ಸಾಟಿ ಇಲ್ಲ, ಕಾಟಾಚಾರಕ್ಕೆ ಮಾಡಿದ್ದಕ್ಕಿಂತ ಪ್ರೋಟಾನ್ ವಾಸಿ.

ಇಚ್ ಐಓ ಬೇರೆಯದೇ ಲೋಕ. 2013ರಲ್ಲಿ ಲೀಫ್ ಕಾರ್ಕೊರನ್ ಶುರು ಮಾಡಿದ್ದು. ಇಲ್ಲಿ ಆಟ ಎಂದರೆ ಬಹುಪಾಲು ಒಂದು ಜಿಪ್ ಕಡತ. ಇಳಿಸಿ, ಬಿಚ್ಚಿ, ಡಬಲ್ ಕ್ಲಿಕ್ ಮಾಡಿದರೆ ಏನೂ ಆಗದಿದ್ದರೆ ಗಾಬರಿ ಬೇಡ: ಡೆವಲಪರ್ ವಿಂಡೋಸಿನಲ್ಲಿ ಕೂತು ಜಿಪ್ ಮಾಡಿರುತ್ತಾರೆ, ಕಡತವನ್ನು ಓಡಿಸಬಹುದು ಎನ್ನುವ ಗುರುತು ಅದರೊಳಗೆ ಬಂದಿರುವುದಿಲ್ಲ. ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪರ್ಮಿಷನ್ನಿನಲ್ಲಿ ಟಿಕ್ ಹಾಕಿದರೆ ಮುಗಿಯಿತು. ಟರ್ಮಿನಲ್ ರೂಢಿ ಇದ್ದವರು ಅದಕ್ಕೇ ಸಿಎಚ್‌ಮಾಡ್ ಆಜ್ಞೆ ಹೊಡೆಯುತ್ತಾರೆ. ಇಚ್‌ನದೇ ಆ್ಯಪ್ ಇದೆ, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟದ್ದು), ಲಿನಕ್ಸ್‌ಗೂ ಸಿಗುತ್ತದೆ. ಅದರ ಮೂಲಕ ಇಳಿಸಿದರೆ ಈ ಗುರುತನ್ನು ಅದೇ ನೋಡಿಕೊಳ್ಳುತ್ತದೆ, ಅಪ್‌ಡೇಟನ್ನೂ ತರುತ್ತದೆ. ಮೊದಲ ವಾರ ಆ್ಯಪ್ ಬೇಡವೆಂದು ಹಟ ಹಿಡಿದೆ, ಆಮೇಲೆ ಸದ್ದಿಲ್ಲದೆ ಹಾಕಿಕೊಂಡೆ.

ಸೆಲೆಸ್ಟ್ ಎರಡೂ ಕಡೆಯದು ಒಂದೇ ಥರ ಓಡಿತು. ಸತ್ತು ಸತ್ತು ಆಡುವ ಆಟದಲ್ಲಿ ಕಂಟ್ರೋಲರ್ ಚೂರು ತಡವರಿಸಿದರೂ ಬೆರಳಿಗೆ ಗೊತ್ತಾಗುತ್ತದೆ, ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಮಿಂಡಸ್ಟ್ರಿಯ ವಿಷಯ ಇನ್ನೂ ಸ್ವಾರಸ್ಯದ್ದು. ಅದು ಓಪನ್ ಸೋರ್ಸ್ ಆಟ. ಇಚ್‌ನಲ್ಲಿ ನಿಮಗೆ ತೋಚಿದಷ್ಟು ಕೊಡಬಹುದು, ಏನೂ ಕೊಡದೆಯೂ ಇಳಿಸಬಹುದು. ಸ್ಟೀಮ್‌ನಲ್ಲಿ ಅದಕ್ಕೆ ಬೆಲೆ ಇದೆ. ನಾನು ಇಚ್‌ನಿಂದ ಪುಕ್ಕಟೆ ಇಳಿಸಿ, ಮೂರು ರಾತ್ರಿ ನಿದ್ದೆಗೆಟ್ಟು, ನಾಲ್ಕನೆಯ ದಿನ ನಾಚಿಕೆಯಾಗಿ ಹೋಗಿ ದುಡ್ಡು ಕೊಟ್ಟೆ.

ಲಿನಕ್ಸ್‌ನವರು ಗಂಟು ಬಿಚ್ಚುವುದಿಲ್ಲ ಎನ್ನುವವರಿಗೆ ಹಳೆಯದೊಂದು ನೆನಪು: 2010ರಲ್ಲಿ ಹಂಬಲ್ ಇಂಡೀ ಬಂಡಲ್ ಎಂಬ ಆಟಗಳ ಕಟ್ಟು ಬಂದಾಗ, ಮನಸ್ಸಿಗೆ ಬಂದಷ್ಟು ಕೊಡಿ ಎಂದರೆ, ಸರಾಸರಿಯಲ್ಲಿ ಲಿನಕ್ಸ್ ಬಳಕೆದಾರರು ವಿಂಡೋಸಿನವರಿಗಿಂತ ಹೆಚ್ಚು ಕೊಟ್ಟಿದ್ದರು.

ಗಾಗ್ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ಅಲ್ಲಿ ತಲೆಕೆಡಿಸಿಕೊಳ್ಳುವಂಥದ್ದೂ ಕಡಿಮೆ. 2014ರಿಂದ ಲಿನಕ್ಸ್ ಆವೃತ್ತಿಗಳನ್ನು ಕೊಡುತ್ತಿದೆ. ನಕಲು ತಡೆಯುವ ಬೀಗವಿಲ್ಲದ ಇನ್‌ಸ್ಟಾಲರ್ ಒಂದನ್ನು ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟರೆ, ನಾಳೆ ಅಂಗಡಿ ಮುಚ್ಚಿದರೂ ಆಟ ನಿಮ್ಮದೇ. ಕೊಂಡು 30 ದಿನದೊಳಗೆ, ಆಡಿ ನೋಡಿದ ಮೇಲೂ, ದುಡ್ಡು ವಾಪಸ್ ಕೇಳಬಹುದು. ಸ್ಟೀಮ್‌ನಲ್ಲಿ ಅದು 14 ದಿನ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಆದರೆ ಆಟಗಳನ್ನು ಇಳಿಸಿ ನಡೆಸುವ ಗಾಗ್‌ನ ಗ್ಯಾಲಕ್ಸಿ ತಂತ್ರಾಂಶ ವರ್ಷಗಟ್ಟಲೆ ವಿಂಡೋಸ್, ಮ್ಯಾಕ್‌ಗಷ್ಟೇ ಸೀಮಿತವಾಗಿತ್ತು. ಆ ಕೊರತೆ ತುಂಬಿದ್ದು ಹೀರೋಯಿಕ್, ಲೂಟ್ರಿಸ್‌ನಂಥ ಸಮುದಾಯದ ಲಾಂಚರ್‌ಗಳು. ನಾನು ಹೀರೋಯಿಕ್ ಬಳಸಿದೆ. ಗಾಗ್ ಖಾತೆ ಜೋಡಿಸಿದರೆ ಕೊಂಡ ಆಟಗಳೆಲ್ಲ ಸಾಲಾಗಿ ಕಾಣುತ್ತವೆ.

ಒಂದು ಪೆಟ್ಟು ತಿಂದೆ, ತಪ್ಪು ನನ್ನದೇ. ಸ್ಟಾರ್‌ಡ್ಯೂವಿನ ಲಿನಕ್ಸ್ ಆವೃತ್ತಿ ಸೇವ್‌ಗಳನ್ನು ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಎಂಬ ಅಡಗಿದ ಜಾಗದಲ್ಲಿ ಇಡುತ್ತದೆ. ಸ್ಟೀಮ್‌ನದೂ ಗಾಗ್‌ನದೂ ಅಲ್ಲೇ ಓದುವುದರಿಂದ, ಒಂದರಲ್ಲಿ ಬಿತ್ತಿದ್ದನ್ನು ಇನ್ನೊಂದರಲ್ಲಿ ಕೊಯ್ಯಬಹುದು. ಹೋಲಿಸಿ ನೋಡೋಣವೆಂದು ಹೀರೋಯಿಕ್‌ನಲ್ಲಿ ವಿಂಡೋಸ್ ಆವೃತ್ತಿಯನ್ನು ವೈನ್ ಮೂಲಕ ಓಡಿಸಿದೆ. ಎರಡು ವರ್ಷದ ತೋಟ ಕಾಣೆ! ವೈನ್ ತನ್ನದೇ ಒಂದು ಸುಳ್ಳು ಸಿ ಡ್ರೈವ್ ಕಟ್ಟಿಕೊಳ್ಳುತ್ತದೆ, ಅದರೊಳಗಿನ ಆ್ಯಪ್‌ಡೇಟಾದಲ್ಲಿ ಹುಡುಕುತ್ತಿತ್ತು. ಸೇವ್ ಫೋಲ್ಡರ್ ನಕಲು ಮಾಡಿ ಅಲ್ಲಿಟ್ಟ ಮೇಲೆ ದನಗಳೆಲ್ಲ ಕೊಟ್ಟಿಗೆಗೆ ಮರಳಿದವು. ಒಂದು ಆಟವನ್ನು ವೈನ್ ಕಡೆಗೋ ಪ್ರೋಟಾನ್ ಕಡೆಗೋ ತಿರುಗಿಸುವ ಮುನ್ನ ಸೇವ್ ಎಲ್ಲಿದೆ ಎಂದು ನೋಡಿಕೊಳ್ಳಿ.

ಇನ್ನು ದುಡ್ಡಿನ ಮಾತು. ಸ್ಟೀಮ್ ಮಾರಾಟದ 30% ಇಟ್ಟುಕೊಳ್ಳುತ್ತದೆ. ಒಂದು ಆಟ 1 ಕೋಟಿ ಡಾಲರ್ ದಾಟಿದ ಮೇಲೆ 25%, 5 ಕೋಟಿ ದಾಟಿದರೆ 20%. ಅಂದರೆ ರಿಯಾಯಿತಿ ಸಿಗುವುದು ಆಗಲೇ ಗೆದ್ದವರಿಗೆ, ಒಬ್ಬರೇ ಕೂತು ಆಟ ಕಟ್ಟುವವರಿಗಲ್ಲ. ಇಚ್‌ನಲ್ಲಿ ಪಾಲು ಎಷ್ಟೆಂದು ಡೆವಲಪರೇ ನಿರ್ಧರಿಸುತ್ತಾರೆ. ಏನೂ ಬದಲಿಸದಿದ್ದರೆ 10%, ಬೇಕಿದ್ದರೆ ಸೊನ್ನೆಗೂ ಇಳಿಸಬಹುದು. ಪಾವತಿ ಶುಲ್ಕ ಬೇರೆ. 10 ಡಾಲರಿನ ಆಟಕ್ಕೆ ಸ್ಟೀಮ್‌ನಲ್ಲಿ 7 ಉಳಿದರೆ ಇಚ್‌ನಲ್ಲಿ 9, ಪಾವತಿ ಶುಲ್ಕ ಕಳೆಯುವ ಮುನ್ನ.

ಹಾಗಾದರೆ ಇಚ್ ಎಂದು ತೀರ್ಪು ಕೊಟ್ಟು ಎದ್ದು ಹೋಗಬಹುದಿತ್ತು. ಅಡ್ಡ ಬಂದದ್ದು ವಿಮರ್ಶೆ. ಸ್ಟೀಮ್‌ನಲ್ಲಿ ಆಟಕ್ಕೆ 10 ವಿಮರ್ಶೆ ಸೇರುವ ತನಕ ಅಂಕವೇ ಮೂಡುವುದಿಲ್ಲ. 2016ರಿಂದ, ಹೊರಗೆ ಕೊಂಡ ಕೀ (ಆಟವನ್ನು ಸ್ಟೀಮ್ ಖಾತೆಗೆ ಸೇರಿಸುವ ಸಂಕೇತ) ಹಾಕಿ ಆಡಿದವರ ವಿಮರ್ಶೆ ಆ ಅಂಕಕ್ಕೆ ಲೆಕ್ಕವಿಲ್ಲ. ಹಾಗಾಗಿ ಇಚ್‌ನಲ್ಲಿ ಕೊಂಡು, ಜೊತೆಗೆ ಬಂದ ಸ್ಟೀಮ್ ಕೀ ಬಳಸಿ, ನಾಲ್ಕು ಒಳ್ಳೆಯ ಮಾತು ಬರೆದು ಉಪಕಾರ ಮಾಡಿದೆ ಎಂದು ಬೀಗುತ್ತಿದ್ದ ನನ್ನ ಮಾತು ಅಂಕಕ್ಕೆ ಸೇರಿರಲೇ ಇಲ್ಲ. ಪ್ರೋಟಾನ್‌ನಲ್ಲಿ ಆಡಿದ್ದು ಸ್ಟೀಮ್ ಲೆಕ್ಕದಲ್ಲಿ ಲಿನಕ್ಸ್ ಎಂದೇ ದಾಖಲಾಗುತ್ತದೆ, ಆ ವಿಷಯದಲ್ಲಿ ಪಾಪಪ್ರಜ್ಞೆ ಬೇಡ.

ನನ್ನ ಲೆಕ್ಕ ಪೂರ್ತಿ ತಿರುಗಿದ್ದು ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ಆಟದ ಡೆವಲಪರ್ 2021ರಲ್ಲಿ ಹಂಚಿಕೊಂಡ ಅಂಕಿಗಳನ್ನು ಕಂಡಾಗ. ಕೊಂಡವರಲ್ಲಿ ಲಿನಕ್ಸ್‌ನವರು 5.8%, ಬಗ್ ವರದಿಗಳಲ್ಲಿ ಅವರದು 38%. ಇದನ್ನು ಓದಿದವರು ಲಿನಕ್ಸ್ ಅಂದರೆ ತಲೆನೋವು ಎನ್ನುತ್ತಾರೆ. ಆದರೆ ಲಿನಕ್ಸ್‌ನವರ ಸುಮಾರು 400 ವರದಿಗಳಲ್ಲಿ ಲಿನಕ್ಸ್‌ನಲ್ಲಷ್ಟೇ ಬರುವ ದೋಷ ಬರೀ 3. ಉಳಿದವು ವಿಂಡೋಸಿನವರನ್ನೂ ಕಾಡುತ್ತಿದ್ದ ದೋಷಗಳೇ, ಅವರು ಬರೆದು ತಿಳಿಸಿರಲಿಲ್ಲ. ಲಾಗ್ ಜೊತೆಗೆ, ಹೆಜ್ಜೆ ಹೆಜ್ಜೆಯಾಗಿ ಬರೆದ ವರದಿಗಳೆಂದು ಆ ಡೆವಲಪರ್ ಹೊಗಳಿದ್ದರು.

ಈಗ ನಾನು ಮಾಡುತ್ತಿರುವುದು ಇಷ್ಟು. ಸಣ್ಣ ಆಟ, ಲಿನಕ್ಸ್ ಆವೃತ್ತಿ ಇದೆ, ಸ್ಟೀಮ್‌ನಲ್ಲಿ ಇಲ್ಲ ಅಂದರೆ ಇಚ್, ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು. ಸ್ಟೀಮ್‌ನಲ್ಲಿ ಹೊಸದಾಗಿ ಬಂದು ವಿಮರ್ಶೆಗೆ ಬಾಯಿಬಿಡುತ್ತಿರುವ ಆಟವಾದರೆ ಅಲ್ಲೇ ನೇರವಾಗಿ ಕೊಂಡು, ಅಲ್ಲೇ ಬರೆಯುತ್ತೇನೆ, ಲಿನಕ್ಸ್‌ನಲ್ಲಿ ಆಡಿದೆ ಎಂಬ ಒಂದು ಸಾಲು ಸೇರಿಸಿ. ಮತ್ತೆ ಮತ್ತೆ ಆಡುವ, ಹತ್ತು ವರ್ಷ ಇಟ್ಟುಕೊಳ್ಳಬೇಕೆನಿಸುವ ಆಟಕ್ಕೆ ಗಾಗ್. ಕಳೆದ ತಿಂಗಳು ಇಚ್‌ನ ಒಂದು ಪುಟ್ಟ ಒಗಟಿನ ಆಟ ನಾಲ್ಕನೆಯ ಹಂತದಲ್ಲಿ ಪ್ರತಿ ಸಲ ಬೀಳುತ್ತಿತ್ತು. ಕಡತದ ಹೆಸರಲ್ಲಿ ಒಂದು ಅಕ್ಷರ ಕ್ಯಾಪಿಟಲ್, ಕೋಡಿನಲ್ಲಿ ಸ್ಮಾಲ್. ವಿಂಡೋಸ್ ಇದನ್ನು ಕಂಡೂ ಕಾಣದಂತಿರುತ್ತದೆ, ಲಿನಕ್ಸ್ ಬಿಡುವುದಿಲ್ಲ. ಟರ್ಮಿನಲ್‌ನಲ್ಲಿ ಬಂದದ್ದನ್ನು ನಕಲು ಮಾಡಿ ಕಳಿಸಿದೆ. ಮರುದಿನ ಸಂಜೆಗೆ ಹೊಸ ಜಿಪ್ ಬಂತು. ಓಡಿಸುವ ಗುರುತು ಅದರಲ್ಲೂ ಇರಲಿಲ್ಲ, ಅದನ್ನೂ ಬರೆದು ತಿಳಿಸಿದ್ದೇನೆ.