ಟಾರಸ್ ಡಿಫೆಂಡರ್ 856 ಟೋರೊ: ಸೊಂಟದ ರಿವಾಲ್ವರ್‌ಗೆ ಕೆಂಪು ಚುಕ್ಕಿ ಬೇಕೇ?

ಬ್ಯಾರೆಲ್ ಮೂರೇ ಇಂಚು, ಗುಂಡು ಆರು, ಕ್ಯಾಲಿಬರ್ .38 ಸ್ಪೆಷಲ್ ಪ್ಲಸ್-ಪಿ (ಮಾಮೂಲಿಗಿಂತ ಹೆಚ್ಚು ಒತ್ತಡದ ಗುಂಡು). ಇಷ್ಟು ಗಿಡ್ಡ ರಿವಾಲ್ವರ್‌ನಲ್ಲಿ ಹಿಂದಿನ ಗುರಿಕಚ್ಚಿಗೂ ಮುಂದಿನ ಕಡ್ಡಿಗೂ ಅಂತರ ತೀರಾ ಕಡಿಮೆ. ಕೂದಲೆಳೆಯಷ್ಟು ಓರೆಯಾದರೂ ಗುಂಡು ಎಲ್ಲೋ ಹೋಗುತ್ತದೆ. ಚಾಳೀಸು ಬಂದವರಿಗಂತೂ ಆ ಕಡ್ಡಿಯೇ ಮಸುಕು. ಕೆಂಪು ಚುಕ್ಕಿ, ಅಂದರೆ ಪುಟ್ಟ ಗಾಜಿನಲ್ಲಿ ಬೆಳಕಿನ ಬಿಂದು ತೋರಿಸುವ ಸೈಟ್, ನಿಜವಾಗಿ ನೆರವಾಗುವುದು ಇವರಿಗೇ: ಕಣ್ಣು ಗುರಿಯ ಮೇಲೇ ನಿಲ್ಲುತ್ತದೆ, ಚುಕ್ಕಿ ಅದರ ಮೇಲೆ ಬಂದು ಕೂರುತ್ತದೆ.

ಟೋರೊ ಮಾದರಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು 2023ರಲ್ಲಿ. ಸಿಲಿಂಡರ್ ಮೇಲಿನ ಪಟ್ಟಿಗೆ ಕಾರ್ಖಾನೆಯಲ್ಲೇ ತೂತು ಕೊರೆದಿರುತ್ತಾರೆ. ಅದರ ಮೇಲೆ ಪ್ಲೇಟು, ಪ್ಲೇಟಿನ ಮೇಲೆ ಹೋಲೋಸನ್ ಕಂಪನಿಯ ‘ಕೆ’ ಅಳತೆಯ ಸೈಟ್. ಅದೇ ಕಂಪನಿಯ 507ಕೆ ಇದಕ್ಕೆ ಸರಿಯಾದ ಜೋಡಿ. 2 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಚುಕ್ಕಿಯ ಸುತ್ತ 32 ಎಂಒಎ ಉಂಗುರ ಇದೆ, 10 ಗಜದಲ್ಲಿ ಅದು ಮೂರು ಇಂಚಿಗೂ ತುಸು ದೊಡ್ಡದು. ಚುಕ್ಕಿ ಕಳೆದುಹೋದಾಗ ಉಂಗುರದ ಒಂದು ಅಂಚು ಕಂಡರೂ ಕೈ ಯಾವ ಕಡೆ ತಿರುಗಬೇಕೆಂದು ಗೊತ್ತಾಗುತ್ತದೆ.

ಕೂರಿಸುವ ಮುನ್ನ ಆರೂ ಕೋಣೆ ಖಾಲಿಯೇ ಎಂದು ನೋಡಿ. ಸ್ಕ್ರೂ, ತೂತು ಎರಡರಲ್ಲೂ ಎಣ್ಣೆಯ ಅಂಶ ಇರದಂತೆ ಆಲ್ಕೋಹಾಲ್‌ನಲ್ಲಿ ಒರೆಸಿ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೇ ಹನಿ ಸಾಕು. ಜಾಸ್ತಿಯಾದರೆ ಹರಿದು ಒಳಗಿನ ಭಾಗಗಳಿಗೆ ಸೇರುತ್ತದೆ. ಇಂಥ ಸಣ್ಣ ಸ್ಕ್ರೂಗಳಿಗೆ ಸಾಮಾನ್ಯವಾಗಿ 12ರಿಂದ 15 ಇಂಚು-ಪೌಂಡ್ ಬಿಗಿ. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಒಂದು ರಾತ್ರಿ ಒಣಗಲು ಬಿಟ್ಟು, ಸ್ಕ್ರೂ ತಲೆಯಿಂದ ಪ್ಲೇಟಿನವರೆಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ಸಡಿಲವಾಗಿದೆ ಎಂದರ್ಥ. ಬೇರೆ ಸ್ಕ್ರೂ ಹಾಕಿದ್ದರೆ ಸಿಲಿಂಡರ್ ಪೂರ್ತಿ ಒಂದು ಸುತ್ತು ಎಲ್ಲೂ ತಾಗದೆ ತಿರುಗುತ್ತದೆಯೇ ನೋಡಿ.

ಸೊನ್ನೆ ಹೊಂದಿಸುವುದು (ಚುಕ್ಕಿ ಇಟ್ಟಲ್ಲೇ ಗುಂಡು ಬಡಿಯುವಂತೆ ಸೈಟ್ ಸರಿಪಡಿಸುವುದು) 10 ಗಜಕ್ಕೆ ಒಳ್ಳೆಯದು, ಅದೂ ದಿನವೂ ತುಂಬಿಕೊಂಡು ಓಡಾಡುವ ಗುಂಡಿನಲ್ಲೇ. 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನಿಧಾನ. ಅದು ಬ್ಯಾರೆಲ್ ಬಿಡುವಷ್ಟರಲ್ಲಿ ಮೂತಿ ಇನ್ನಷ್ಟು ಮೇಲೆದ್ದಿರುತ್ತದೆ. ಹಾಗಾಗಿ 110 ಗ್ರೇನ್‌ಗಿಂತ ಮೇಲೆ ಬಡಿಯುತ್ತದೆ. ಅಗ್ಗದ ಗುಂಡಿನಲ್ಲಿ ಹೊಂದಿಸಿ, ಬೇರೆಯದನ್ನು ತುಂಬಿಕೊಂಡು ಓಡಾಡಿದರೆ ಆ ಹೊಂದಾಣಿಕೆ ವ್ಯರ್ಥ. ಚುಕ್ಕಿ ಬ್ಯಾರೆಲ್‌ಗಿಂತ ಒಂದು ಇಂಚಿಗೂ ಹೆಚ್ಚು ಎತ್ತರದಲ್ಲಿ ಇರುವುದರಿಂದ ಮೂರು ಗಜದಲ್ಲಿ ಗುಂಡು ಮುಕ್ಕಾಲರಿಂದ ಒಂದು ಇಂಚು ಕೆಳಗೆ ಬೀಳುತ್ತದೆ, ಗಾಬರಿ ಬೇಡ.

ದಿನದ ರಗಳೆ ಎಂದರೆ ಗಾಜು. ಸಿಲಿಂಡರ್-ಬ್ಯಾರೆಲ್ ನಡುವಿನ ಸಂದಿನಿಂದ ಪ್ರತಿ ಗುಂಡಿಗೂ ಬಿಸಿ ಅನಿಲ, ಸುಡದ ಮದ್ದಿನ ಕಾಳು ಸಿಡಿಯುತ್ತವೆ. ಸೀಸದ ಗುಂಡಾದರೆ ಸೀಸದ ಚೂರೂ ಸೇರಿಕೊಳ್ಳುತ್ತದೆ. ಒಂದು ಪೆಟ್ಟಿಗೆ ತುಂಬ ಗುಂಡು ಹಾರಿಸಿದರೆ ಮುಂಭಾಗದ ಗಾಜು ಲಾಟೀನಿನ ಬುರುಡೆಯಂತೆ ಮಸಿ ಹಿಡಿಯುತ್ತದೆ. ಹಿತ್ತಾಳೆ ಬ್ರಷ್ಷು, ಕಟುವಾದ ಸಾಲ್ವೆಂಟು ಎರಡೂ ಬೇಡ, ಗಾಜಿನ ಲೇಪ ಹೋಗುತ್ತದೆ. ಲೆನ್ಸ್ ದ್ರವ, ಮೈಕ್ರೋಫೈಬರ್ ಬಟ್ಟೆ ಸಾಕು. ಮಸಿಗಿಂತ ಕೆಟ್ಟದ್ದು ಅಂಗಿಯ ನೂಲೆಳೆ: 507ಕೆಯಲ್ಲಿ ಬೆಳಕಿನ ಬಿಂದು ತೆರೆದೇ ಇರುವುದರಿಂದ ಬೆವರಿನ ಹನಿಯೋ ನೂಲಿನ ಸಿಂಬೆಯೋ ಕೂತರೆ ಚುಕ್ಕಿ ಒಡೆದು ಕಾಣುತ್ತದೆ ಅಥವಾ ಮಾಯವಾಗುತ್ತದೆ. ದಿನವೂ ಸೊಂಟಕ್ಕೆ ಸಿಕ್ಕಿಸುವವರು ಹೋಲೋಸನ್‌ನದೇ ಇಪಿಎಸ್ ಕ್ಯಾರಿಯಂಥ ಮುಚ್ಚಿದ ಸೈಟಿಗೆ ದುಡ್ಡು ಸುರಿಯಲಿ.

ಬ್ಯಾಟರಿ ಸಿಆರ್1632, ಪಕ್ಕದ ತಟ್ಟೆಯಲ್ಲಿ ಇರುವುದರಿಂದ ಸೈಟ್ ಬಿಚ್ಚಬೇಕಿಲ್ಲ. ವರ್ಷಗಟ್ಟಲೆ ಬರುತ್ತದೆ ಎಂಬ ಲೆಕ್ಕ ನಂಬದೆ ಯುಗಾದಿಗೊಂದು ಹೊಸದು ಹಾಕಿ.

ಟ್ರಿಗರ್ ಅಭ್ಯಾಸಕ್ಕೆ ಇದಕ್ಕಿಂತ ನಿಷ್ಠುರ ಮೇಷ್ಟ್ರಿಲ್ಲ. ಡಬಲ್ ಆಕ್ಷನ್‌ನ (ಟ್ರಿಗರ್ ಎಳೆತವೇ ಹ್ಯಾಮರನ್ನು ಎತ್ತಿ ಬೀಳಿಸುವ ಬಗೆ) ಉದ್ದ ಎಳೆತದಲ್ಲಿ ಚುಕ್ಕಿ ಎಲ್ಲಿ ಜಾರಿತೆಂದು ಕಣ್ಣೆದುರೇ ಕಾಣುತ್ತದೆ. ಡಮ್ಮಿ ಗುಂಡು ಹಾಕಿ ಗೋಡೆಯ ಒಂದು ಬಿಂದುವಿಗೆ ಹಿಡಿದು ಎಳೆಯಿರಿ. ಹ್ಯಾಮರ್ ಬೀಳುವಾಗಲೂ ಚುಕ್ಕಿ ಅಲ್ಲೇ ನಿಂತಿರಬೇಕು. ಸ್ಲೈಡ್ ಇಲ್ಲದ್ದರಿಂದ ಸೈಟ್ ಹಿಂದೆಮುಂದೆ ಓಡುವುದಿಲ್ಲ, ಪಿಸ್ತೂಲಿಗಿಂತ ಇದರಲ್ಲಿ ಚುಕ್ಕಿಯನ್ನು ಹಿಂಬಾಲಿಸುವುದು ಸುಲಭ.

ಹಳೆಯ ಹೋಲ್‌ಸ್ಟರ್ ನಡೆಯದು, ಸೈಟಿಗೆ ಜಾಗ ಬಿಟ್ಟು ಕತ್ತರಿಸಿದ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಬೇಕು. ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವ ಆಸೆ ಬಿಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು, ಎಚ್-1ಬಿಯಲ್ಲಿ ಇರುವವರಿಗೆ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಬಿಡುವುದಿಲ್ಲ.