ಆಯಿಲ್ ಲೀಕ್ ಹುಡುಕೋ ಯುವಿ ಡೈ, ಟಾರ್ಚ್ ಸೆಟ್: ಬಹಳ ದಿನ ಬಳಸಿದ ಮೇಲೆ ಹೇಳ್ತಿರೋದು

ಹಳೇ ಪೆಟ್ರೋಲ್ ಕಾರು ಇಟ್ಕೊಂಡು ಬಳ್ಳಾರಿ ಕಡೆ ಓಡಾಡೋರು ಈ ಸೆಟ್ ಒಂದು ತಗೊಂಡು ಇಟ್ಕೊಳ್ರಿ. ಒಂದು ಬಾಟ್ಲಿ ಡೈ (ಇಂಜಿನ್ ಆಯಿಲ್‌ಗೆ ಹಾಕೋ ಬಣ್ಣ, ಯುವಿ ಬೆಳಕಿಗೆ ಹೊಳೀತೈತೆ), ಯುವಿ ಟಾರ್ಚು, ಹಳದಿ ಕನ್ನಡಕ, ಇಷ್ಟೇ ಇರೋದು. ಹೋದ ವರ್ಷದ ಬೇಸಿಗೆಗಿಂತ ಮುಂಚೆಯಿಂದ ಬಳಸ್ತಿದೀನಿ.

ನನ್ನ ಗಾಡಿಗೆ ಹದಿನೈದು ವರ್ಷ ದಾಟೈತೆ. ಇಂಜಿನ್ನು ಗೇರ್‌ಬಾಕ್ಸು ಕೂಡೋ ಜಾಗ, ಬೆಲ್ ಹೌಸಿಂಗ್ ಕೆಳಗೆ ಹನಿ ಬೀಳ್ತಿತ್ತು. ಅಲ್ಲಿ ಹನಿ ಕಂಡ ಕೂಡ್ಲೇ ಕ್ರ್ಯಾಂಕ್ ಹಿಂದಿನ ಸೀಲ್ (ಇಂಜಿನ್ ಹಿಂದ್ಗಡೆ ಆಯಿಲ್ ತಡೆಯೋ ರಿಂಗು) ಹೋಗೈತೆ, ಗೇರ್‌ಬಾಕ್ಸ್ ಇಳಿಸ್ಬೇಕು ಅಂತಾರೆ, ಸೀಲಿಗೆ ರೇಟು ಕಮ್ಮಿನೇ ಆದ್ರೆ ಇಳಿಸಿ ಏರಿಸೋ ಕೂಲಿನೇ ಜಾಸ್ತಿ. ಅದ್ರ ಮೇಲೆ ಸಂಡೂರು, ತೋರಣಗಲ್ಲು ರೋಡಲ್ಲಿ ಅದಿರು ಲಾರಿ ಹಿಂದೆ ಹೋದ್ರೆ ಕೆಂಪು ಧೂಳು ಆಯಿಲ್‌ಗೆ ಮೆತ್ಕೊಂಡು ಇಂಜಿನ್ ತುಂಬಾ ಕೆಸರು ಕಟ್ಟಿದಂಗೆ ಆಗಿಬಿಡ್ತೈತೆ, ಲೀಕ್ ಎಲ್ಲಿಂದ ಸುರುವಾಗೈತೆ ಅಂತ ಬರಿಗಣ್ಣಿಗೆ ಗೊತ್ತಾಗಲ್ಲ.

ಅದಕ್ಕೇ ಮೊದ್ಲು ಇಂಜಿನ್ ತಣ್ಣಗಿದ್ದಾಗ ಆಲ್ಟರ್ನೇಟರ್, ವೈರ್ ಸಾಕೆಟ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಜಿಡ್ಡು ಬಿಡಿಸೋ ಡೀಗ್ರೀಸರ್ ಹಾಕಿ ತಿಕ್ಕಿ ತೊಳೀಬೇಕು. ಆಮೇಲೆ ಡೈ ಹಾಕಿ ಹೊಸಪೇಟೆಗೆ ಹೋಗಿ ಬಂದೆ, ರಾತ್ರಿ ಲೈಟ್ ಆರಿಸಿ ಟಾರ್ಚ್ ಬಿಟ್ಟು ನೋಡಿದ್ರೆ ಇಂಜಿನ್ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರ್ ಹಿಂದಿನ ಮೂಲೆಯಿಂದ ಹಳದಿ ಹಸಿರು ಗೆರೆ ಹೊಳೀತಾ ಬ್ಲಾಕ್ ಹಿಂಬದಿ ಇಳ್ಕೊಂಡು ಸೀದಾ ಬೆಲ್ ಹೌಸಿಂಗ್‌ಗೆ ಹೋಗಿತ್ತು! ಆಯಿಲ್ ಕೆಳಕ್ಕೆ ಇಳೀತೈತೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗ್ತೈತೆ, ಅದಕ್ಕೆ ಹನಿ ಬೀಳೋ ಜಾಗ ಬಿಟ್ಟು ಎಲ್ಲಕ್ಕಿಂತ ಮೇಲೆ ಎಲ್ಲಿ ಹಸಿ ಐತೆ ಅಂತ ಹುಡುಕ್ರಿ. ನನ್ನ ಗಾಡಿಲಿ ಆ ಕವರ್ ಪ್ಯಾಕಿಂಗ್ ರಬ್ಬರು ಬಿಸಿಗೆ ಕಲ್ಲಿನಂಗೆ ಗಟ್ಟಿಯಾಗಿತ್ತು.

ಹೊಸ ಪ್ಯಾಕಿಂಗ್ ಹಾಕಿಸಿದ ಮೇಲೂ ಸಲ್ಪ ಜಿನುಗ್ತಿತ್ತು. ಇಲ್ಲಿ ಡೈ ಕೆಲಸಕ್ಕೆ ಬರಲ್ಲ, ಎಲ್ಲಿಂದ ಅಂತ ತೋರಿಸ್ತೈತೆ, ಯಾಕೆ ಅಂತ ನಾವೇ ನೋಡ್ಬೇಕು. ಇಂಜಿನ್ ಒಳಗಿನ ಗ್ಯಾಸ್ ಬಿಡೋ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದ್ರೆ ಟಕಟಕ ಸದ್ದೇ ಇಲ್ಲ, ಅಂದ್ರೆ ಕಟ್ಕೊಂಡೈತೆ, ಬ್ರೀದರ್ ಪೈಪ್‌ನಲ್ಲೂ ಮಡ್ಡಿ ತುಂಬಿತ್ತು. ಇವು ಕಟ್ಕೊಂಡ್ರೆ ಒಳಗಿನ ಗ್ಯಾಸು ಹೊರಗೆ ಹೋಗೋಕಾಗದೆ ಪ್ರೆಷರ್ ಏರಿ ಯಾವ ಸೀಲ್ ಸಡಿಲ ಐತೋ ಅಲ್ಲಿಂದ ಆಯಿಲ್ ತಳ್ತೈತೆ, ಹೊಸ ಸೀಲ್ ಹಾಕಿದ್ರೂ ತಡಿಯಲ್ಲ. ವಾಲ್ವ್ ಬದ್ಲಿಸಿ ಪೈಪ್ ಕ್ಲೀನ್ ಮಾಡ್ಸಿದ್ಮೇಲೆ ನಿಂತು ಹೋಯ್ತು, ಈಗ್ಲೂ ಒಣಗೇ ಐತೆ.

ನಮ್ಮ ಮಾವನ ಕಾರಲ್ಲೂ ಅದೇ ಜಾಗದಲ್ಲಿ ಹನಿ. ಅಲ್ಲಿ ಇಂಜಿನ್ ಆಯಿಲ್‌ಗೆ ಡೈ ಹಾಕಿ ಓಡಿಸಿ ನೋಡಿದ್ರೆ ಹನಿ ಹೊಳೀಲೇ ಇಲ್ಲ, ಅಂದ್ರೆ ಅದು ಗೇರ್ ಆಯಿಲ್. ಅವರ ಇಂಜಿನ್ ಬಿಚ್ಚೋದು ತಪ್ತು, ನಂಗೆ ಬಹಳ ಖುಷಿ ಆಯ್ತು ನೋಡ್ರಿ.

ಈ ಸೆಟ್‌ನಲ್ಲಿ ಕೊರತೆ ಅಂದ್ರೆ ಟಾರ್ಚು. ಬೆಳಕು ಸಾಲಲ್ಲ, ಹಗಲಲ್ಲಂತೂ ಏನೂ ಕಾಣಲ್ಲ, ಕನ್ನಡಕ ಹಾಕ್ದೆ ನೋಡಿದ್ರೂ ಸಣ್ಣ ಜಿನುಗು ತಪ್ಪಿ ಹೋಗ್ತೈತೆ. ಕೆಲವು ಕೂಲಂಟ್‌ಗಳೂ ಹೊಳೀತಾವೆ, ರೇಡಿಯೇಟರ್ ಪೈಪ್ ಹತ್ರ ಕಂಡ್ರೆ ಬೆರಳಿಗೆ ಹಚ್ಕೊಂಡು ಜಿಡ್ಡು ಐತಾ ನೋಡ್ರಿ. ಆಯಿಲ್ ಚೇಂಜ್ ಮಾಡಿಸಿದ್ಮೇಲೆ ಡೈ ಮತ್ತೆ ಹಾಕ್ಬೇಕಾಗ್ತೈತೆ. ತಗೊಳ್ಳುವಾಗ ಬಾಟ್ಲಿ ಮೇಲೆ ಇಂಜಿನ್ ಆಯಿಲ್‌ಗೆ ಅಂತ ಬರೆದೈತಾ ನೋಡ್ಕೊಳ್ರಿ, ಎಸಿ ಡೈನೂ ಅದೇ ಥರ ಬಾಟ್ಲಿಲಿ ಬರ್ತೈತೆ.