ಸಿಟಿ ಪಿಜಿ ಕೋರ್ಸ್: ಡೋಸ್ ಪಾಠ ಸೂಪರ್, ಪ್ರಾಕ್ಟಿಕಲ್ ಸಪ್ಪೆ

ರೇಡಿಯೋಗ್ರಾಫರ್‌ಗಳಿಗೆ ಅಂತಲೇ ಇರುವ ಸಿಟಿ ಸ್ಕ್ಯಾನಿಂಗ್ ಪಿಜಿ ಕೋರ್ಸ್ ಮುಗಿಸಿದೆ. ಡೋಸ್ (ರೋಗಿಗೆ ತಗಲುವ ವಿಕಿರಣದ ಪ್ರಮಾಣ) ಪಾಠಕ್ಕಾದರೂ ಸೇರಬಹುದು. ಟೇಬಲ್ ಸ್ವಲ್ಪ ಮೇಲೋ ಕೆಳಗೋ ಆಗಿ ರೋಗಿ ಗ್ಯಾಂಟ್ರಿಯ (ಮೆಷಿನ್‌ನ ಉಂಗುರದಂಥ ಭಾಗ) ನಡುವೆ ಬರದಿದ್ದರೆ, ಸ್ಕ್ಯಾನ್‌ಗೆ ಮುಂಚೆ ಅಂದಾಜಿಗೆ ತೆಗೆಯುವ ಸ್ಕೌಟ್ ಚಿತ್ರದಲ್ಲಿ ಮೈ ಗಾತ್ರ ತಪ್ಪಾಗಿ ಕಾಣುತ್ತದೆ, ಮೆಷಿನ್ ಅದನ್ನೇ ನಂಬಿ ಎಂಎ (ಎಕ್ಸ್‌ರೇ ಟ್ಯೂಬಿನ ಕರೆಂಟ್) ಏರಿಸುತ್ತದೆ ಇಲ್ಲವೇ ಇಳಿಸುತ್ತದೆ, ಆಗ ಡೋಸ್ ಜಾಸ್ತಿ ಆಗುತ್ತದೆ, ಇಲ್ಲಾ ಚಿತ್ರದ ತುಂಬಾ ನಾಯ್ಸ್ (ಚುಕ್ಕೆ ಚುಕ್ಕೆ). ಆಟೋ ಎಂಎ ಇದೆಯಲ್ಲ ಅಂತ ಸುಮ್ನೆ ಬಟನ್ ಒತ್ತುವವರು ಇದನ್ನು ಕೇಳಲೇಬೇಕು.

ಬೋಲಸ್ ಟ್ರ್ಯಾಕಿಂಗ್ (ಚುಚ್ಚಿದ ಕಾಂಟ್ರಾಸ್ಟ್ ಔಷಧಿ ರಕ್ತನಾಳ ತಲುಪಿದ್ದನ್ನು ನೋಡಿ ಸ್ಕ್ಯಾನ್ ಶುರು ಮಾಡುವುದು) ಕೂಡ ಚೆನ್ನಾಗಿ ಹೇಳಿಕೊಟ್ಟರು. ನೀರು 0, ಗಾಳಿ −1000 ಅನ್ನುವ ಹೌನ್ಸ್‌ಫೀಲ್ಡ್ (ಸಿಟಿ ಚಿತ್ರದಲ್ಲಿ ಸಾಂದ್ರತೆ ಹೇಳುವ ಅಳತೆ) ಪಾಠ ಮಾತ್ರ ಬೋರ್, ಡಿಗ್ರಿಯಲ್ಲೇ ಓದಿರುತ್ತೇವೆ ಅಲ್ವಾ?

ಬೇಜಾರಾಗಿದ್ದು ಕಾರ್ಡಿಯಾಕ್ (ಹೃದಯದ) ಸಿಟಿ. ಇಸಿಜಿ ಗೇಟಿಂಗ್ (ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಎಲ್ಲಾ ಸ್ಲೈಡ್‌ನಲ್ಲೇ ಮುಗಿಯಿತು, ಕನ್ಸೋಲ್ (ಮೆಷಿನ್ ನಡೆಸುವ ಕಂಪ್ಯೂಟರ್) ಮುಟ್ಟಲೂ ಬಿಡಲಿಲ್ಲ. ಸೇರುವ ಮುಂಚೆ ಕನ್ಸೋಲ್ ಎಷ್ಟು ಗಂಟೆ ಕೈಗೆ ಸಿಗುತ್ತದೆ ಅಂತ ಕೇಳಿಕೊಳ್ಳಿ.